ಬೀಗರಿಲ್ಲದ ಊರು

ಕುಡಿಯೂದು ಬಿಡ್ತೇನಿ ಅಂತ ನಮ್ಮ ಮನಿಯವರು ಒಪ್ಪಿದ್ದು ಸಣ್ಣ ಮಾತಲ್ಲ. ಆದ್ರ ಯಾವ ಊರಿಗೆ ಹೋಗಿ ಬಿಡಬೇಕು ಅನ್ನೂದು ಅದಕ್ಕಿಂತ ದೊಡ್ಡ ಮಾತಾತು.

ಮೊದಲ ಡಾಕ್ಟರ್ರ ಸುದ್ದಿ ಹೇಳಿಬಿಡ್ತೇನಿ. ಕಣ್ಣು ಹಳದಿಯಾಗಿ, ಹೊಟ್ಟಿ ಉಬ್ಬಿ, ಹಾಸಿಗಿ ಹಿಡಿದು ಎದ್ದ ಮ್ಯಾಲ ಜಮಖಂಡಿ ಡಾಕ್ಟರ್ರು ಇವರನ್ನ ಮುಂದ ಕುಂಡ್ರಿಸಿಕೊಂಡು, "ನೋಡ್ರಿ, ಇನ್ನ ನಿಮ್ಮ ಲಿವರ್ ತಡಿಯೂದಿಲ್ಲ. ಮತ್ತ ಕುಡದ್ರ ನನ್ನ ಕಡೆ ಬರಬ್ಯಾಡ್ರಿ. ಬಂದ್ರೂ ನನ್ನ ಕೈಲೆ ಏನೂ ಆಗೂದಿಲ್ಲ" ಅಂದ್ರು. ಇಷ್ಟ ವರ್ಷ ನಾ ಅತ್ತು ಕರದು, ಮಾತ ಬಿಟ್ಟು, ಉಪಾಸ ಮಾಡಿ ಆಗದ ಕೆಲಸಾ ಆ ಮನಷಾ ಎರಡ ಮಾತಿನ್ಯಾಗ ಮಾಡಿ ಮುಗಿಸಿದ. ನನಗ ಸಂತೋಷಕ್ಕಿಂತ ಸಿಟ್ಟ ಹೆಚ್ಚ ಬಂತು, ಖರೆ ಹೇಳ್ತೇನಿ.

ಡಾಕ್ಟರ್ರು ಇನ್ನೊಂದ ಮಾತೂ ಹೇಳಿದ್ರು. ಕುಡಿಯೂದು ಬಿಟ್ಟವರು, ಬಿಡಬೇಕು ಅನ್ನಾವ್ರು ಎಲ್ಲಾರೂ ವಾರಕ್ಕೊಮ್ಮೆ ಒಂದ ಕಡೆ ಕೂಡ್ತಾರ, ತಮ್ಮ ತಮ್ಮ ಕಥಿ ಹೇಳ್ಕೋತಾರ, ಫೀ ಇಲ್ಲ, ಹೆಸರು ಕೇಳೂದಿಲ್ಲ. ಜಮಖಂಡ್ಯಾಗೂ ಐತಿ, ಮುಧೋಳದಾಗೂ ಐತಿ, ಬೀಳಗಿ, ಮಹಾಲಿಂಗಪುರ, ಬನಹಟ್ಟಿ ಎಲ್ಲಾ ಕಡೆ ಐತಿ, ನಿಮಗ ಎಲ್ಲೆ ಬೇಕೋ ಅಲ್ಲೆ ಹೋಗ್ರಿ ಅಂದ್ರು. ಎಲ್ಲೆ ಬೇಕೋ ಅಲ್ಲೆ ಅಂದದ್ದ ತಪ್ಪಾತು ನೋಡ್ರಿ.

ಮನಿಗೆ ಬಂದು ಚಹಾ ಕುಡಿಯುವಾಗ ಇವರು ಶುರು ಮಾಡಿದ್ರು. "ಹೋಗಾಕ ನಂದೇನೂ ತಕರಾರಿಲ್ಲ. ಆದ್ರ ಒಂದ ಶರತ್ತು. ನಮ್ಮ ಓಣ್ಯಾಗ ಒಂದ ನರಪಿಳ್ಳಿಗೆ ಗೊತ್ತಾತಂದ್ರೂ ಅವತ್ತಿಗೆ ಬಂದ್. ಮತ್ತ ನನ್ನ ಕರೀಬ್ಯಾಡ."

ಇವರು ಕುಡಿಯೂದು ಯಾರಿಗೂ ಗೊತ್ತಿಲ್ಲ ಅಂತ ಇವರ ನಂಬಿಕಿ. ಊರ ಹೊರಗಿನ ಡಾಬಾದಾಗ ಕುಡಿದು, ಬಾಯಾಗ ಯಾಲಕ್ಕಿ ಹಾಕ್ಕೊಂಡು, ಗ್ವಾಡಿ ಹಿಡ್ಕೊಂಡು ಬರ್ತಿದ್ರು. ಇಷ್ಟ ಯಾಲಕ್ಕಿ ತಿನ್ನಾವ್ರು ಇಡೀ ಜಿಲ್ಲಾದಾಗ ಇರಲಿಕ್ಕಿಲ್ಲ. ಓಣಿಯವರು ಏನ್ ತಿಳ್ಕೊಂಡಿದ್ರೋ ದೇವರಿಗೆ ಗೊತ್ತು, ಬಾಯಿಬಿಟ್ಟು ಯಾರೂ ಅಂದಿರಲಿಲ್ಲ. ಅದನ್ನ ಹೇಳಿ ತೋರಿಸಬೇಕು ಅಂತ ನಾಲಿಗಿ ತುದಿಗೆ ಬಂತು, ನುಂಗಿಕೊಂಡೆ. ಶರತ್ತ ಹಾಕಿದವರು ಹೋಗಾಕ ಒಪ್ಯಾರಲ್ಲ, ಅದ ದೊಡ್ಡದು. ಹೋಗೂದು ಬಿಟ್ರ ಮತ್ತ ಕುಡಿತಾರ, ಕುಡದ್ರ ಸಾಯ್ತಾರ. ನನಗ ಅಷ್ಟ ಲೆಕ್ಕ ಸಾಕಾಗಿತ್ತು. ಮಗಳು ಧಾರವಾಡದಾಗ ಓದಾಕತ್ತಾಳ, ಮನ್ಯಾಗ ನಾವಿಬ್ಬರ.

ಹಂಗಾದ್ರ ಯಾವ ಊರು? ಜಮಖಂಡಿ ಆಗೂದಿಲ್ಲ. ಇವರು ಕಾಲೇಜಿನ ಆಫೀಸಿನ್ಯಾಗ ಗುಮಾಸ್ತರು, ನಾ ಸಾಲ್ಯಾಗ ಟೀಚರ್. ಒಂದ ಕಾಯಿಪಲ್ಲೆ ತರಾಕ ಹೋದ್ರೂ ಹತ್ತ ಮಂದಿ ನಮಸ್ಕಾರ ಮಾಡ್ತಾರ. ಮುಧೋಳ ನನ್ನ ತವರುಮನಿ. ನಮ್ಮಣ್ಣ ಮುಂಜಾನಿಯಿಂದ ಸಂಜಿತನಕ ಬಸ್‌ಸ್ಟ್ಯಾಂಡ್ ಮುಂದ ನಿಂತು ರಾಜಕಾರಣ ಮಾತಾಡಾಂವ. ಬೀಳಗ್ಯಾಗ ಇವರ ಅಕ್ಕ. ನಾವು ಬಸ್ಸಿನಿಂದ ಒಂದ ಕಾಲು ಕೆಳಗಿಡೂದ್ರಾಗ ಆಕಿಗೆ ಸುದ್ದಿ ಮುಟ್ಟಿ ಹೋಳಿಗಿ ಹೂರಣ ಕುದಿಯಾಕ ಇಟ್ಟಿರ್ತಾಳ. ಬಾಡಗಂಡಿ ಫ್ಯಾಕ್ಟರ್ಯಾಗ ಇವರ ಕಾಕಾನ ಮಗ. ರನ್ನ ಬೆಳಗಲ್ಯಾಗ ನಮ್ಮ ಮಾವಶಿ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ್ಯಾಗ ಅರ್ಧಾ ತಾಸು ನಿಂತ್ರ ನಮ್ಮ ಮದವಿಗೆ ಬಂದವರೆಲ್ಲಾ ಒಂದ ಸುತ್ತು ಕಾಣಸ್ತಾರ.

"ಬನಹಟ್ಟ್ಯಾಗ ಯಾರದಾರ?" ಅಂದ್ರು ಇವರು.

ಇಬ್ಬರೂ ಕುಂತು ಯೋಚನಿ ಮಾಡಿದ್ವಿ. ಅತ್ತಿ ಕಡೆ, ಮಾವನ ಕಡೆ, ತವರ ಕಡೆ, ದೊಡ್ಡಪ್ಪನ ಸೊಸಿಯಂದ್ರ ತವರ ಕಡೆ. ಬನಹಟ್ಟಿಗೆ ನಾವು ಹೆಣ್ಣ ಕೊಟ್ಟಿಲ್ಲ, ಅಲ್ಲಿಂದ ಹೆಣ್ಣ ತಂದಿಲ್ಲ. ಇವರ ಮಾರಿ ಅರಳಿತು. ಮದವಿಯಾದಾಗಿಂದ ಬೀಗರಿಲ್ಲ ಅಂತ ಇಷ್ಟ ಖುಷಿ ಪಟ್ಟದ್ದು ನಾ ಅದ ಮೊದಲ ನೋಡಿದ್ದು.

ಇನ್ನ ರವಿವಾರಕ್ಕೊಮ್ಮೆ ಗಂಡ ಹೆಂಡತಿ ಜೋಡಿಲೆ ಬನಹಟ್ಟಿಗೆ ಯಾಕ ಹೊಂಟಾರ ಅಂತ ಮಂದಿ ಕೇಳೂದಿಲ್ಲೇನು? ಬನಹಟ್ಟಿ ಅಂದ್ರ ಸೀರಿ. ಬ್ಯಾರೆ ನೆವಾ ಹುಡುಕೂದ ಬ್ಯಾಡ. "ಸೀರಿ ತರಾಕ ಹೊಂಟೇವಿ" ಅಂತ ಹೇಳೂದು ಅಂತ ಠರಾವ ಆತು.

ಮೊದಲನೇ ರವಿವಾರ ಒಂಬತ್ತರ ಗಾಡಿ ಹತ್ತಿದ್ವಿ. ನಾ ಆಧಾರ ಕಾರ್ಡ್ ತೋರಿಸಿದೆ, ಕಂಡಕ್ಟರ್ ಫ್ರೀ ಟಿಕೀಟು ಹರದ ಕೊಟ್ಟ. "ಏನ್ ಕಾಲ ಬಂತು ನೋಡ, ಬಿಡಾಂವ ನಾನು, ಫ್ರೀ ನಿನಗ" ಅಂತ ಇವರು ದಾರಿ ಉದ್ದಕ್ಕ ಗೊಣಗಿದ್ರು. ಕಬ್ಬಿನ ಸೀಜನ್ನು. ಮುಂದ ಎರಡೆರಡ ಟ್ರೇಲರ್ ಕಟಗೊಂಡ ಟ್ರ್ಯಾಕ್ಟರ್, ಅದರಾಗ ಕಿವಿ ಹರಿಯೂಹಂಗ ಹಾಡು, ಹಿಂದ ನಮ್ಮ ಬಸ್ಸು ಆಮಿ ನಡದಂಗ. ಇವರು ಎರಡ ಸಲ "ಹೊಳ್ಳಿ ಹೋಗೂಣೇನು?" ಅಂದ್ರು. ನಾ ಕಿಡಕಿ ಹೊರಗ ನೋಡ್ಕೋತ ಕೇಳಸದವರಂಗ ಕುಂತೆ.

ಸಭಾ ನಡೆಯೂದು ಒಬ್ಬ ಹಿರಿಯರ ಮನಿ ಮಾಳಿಗಿ ಮ್ಯಾಲಿನ ಖೋಲ್ಯಾಗ. ಅವರೂ ಒಂದ ಕಾಲಕ್ಕ ಭಯಂಕರ ಕುಡಿದು, ಬಿಟ್ಟು, ಈಗ ಬ್ಯಾರೆಯವರನ್ನ ಬಿಡಸೂ ಕೆಲಸಾ ಹಿಡದಾರ. ಖೋಲಿ ಛಲೋ ಇತ್ತು, ಗಾಳಿ ಬೆಳಕು ಇತ್ತು, ಚಾಪಿ ಹಾಸಿದ್ರು. ಒಂದ ತ್ರಾಸು ಅಂದ್ರ ಬಾಜೂಕ ವಿದ್ಯುತ್ ಮಗ್ಗದ ಶೆಡ್ಡು. ಆರ್ಡರ್ ಇತ್ತಂದ್ರ ರವಿವಾರನೂ ನಿಲ್ಲೂದಿಲ್ಲ. ಖಟಖಟ ಖಟಖಟ, ಗ್ವಾಡಿ ಸೈತ ನಡಗತಿದ್ವು. ಹಿಂಗಾಗಿ ಹೆಂಡತಿ ಮುಂದ ಸೈತ ಹೇಳಿರದ ಗುಟ್ಟಿನ ಮಾತನ್ನ ಇಲ್ಲೆ ಎಲ್ಲಾರೂ ಒದರಿ ಹೇಳಬೇಕು.

"ನಾ ಕುಡುಕ ಅದೀನಿ!" ಅಂತ ಒಬ್ಬರು ಒದರಿದ್ರು.

"ಏನಂದ್ರಿ?" ಅಂತ ಮೂಲ್ಯಾಗಿಂದ ಇನ್ನೊಬ್ಬರು ಒದರಿದ್ರು.

"ಕುಡುಕ! ಕುಡುಕ ಅದೀನಿ!"

"ಹಾಂ, ಹಾಂ, ಹೌದ್ರಿ, ನಾನೂ ಅದೀನಿ!"

ಹೊರಗ ಪಡಸಾಲ್ಯಾಗ ನಾವು ಹೆಂಡರು ಕುಂತು ಸೆರಗು ಬಾಯಾಗ ತುರುಕಿಕೊಂಡು ನಕ್ಕದ್ದ ನಕ್ಕದ್ದು. ಇಲ್ಲೆ ಹೆಸರು ಹೇಳಬಾರದು ಅಂತ ನಿಯಮ ಐತ್ರಿ ಅಂತ ಹಿರಿಯರ ಮನಿಯಾಕಿ ನನಗ ಹೇಳಿದ್ರು. ಅಯ್ಯ, ನಾ ಮದವಿಯಾದಾಗಿಂದ ಗಂಡನ ಹೆಸರು ಹೇಳಿಲ್ಲ, ಇದೇನ್ ಹೊಸಾದೇನ್ರಿ ಅಂದೆ. ಅಲ್ಲಿದ್ದವರೆಲ್ಲಾ ಹಂಗ. ನಮ್ಮವರು, ನಿಮ್ಮವರು, ಇವರು, ಅವರು. ಅಷ್ಟರಾಗ ಯಾರ ಗಂಡ ಎಷ್ಟ ಕುಡಿತಿದ್ದ, ಎಲ್ಲಿ ಬಿದ್ದಿದ್ದ ಎಲ್ಲಾ ತಿಳೀತು.

ಆದ್ರ ನಮ್ಮ ಮನಿಯವರು ಒಳಗ ಮದಲ ಫಜೀತಿ ಮಾಡ್ಕೊಂಡಿದ್ರು. ಚಾಪಿ ಮ್ಯಾಲ ಕುಂತಕೂಡ್ಲೆ ಬಾಜೂಕಿನವರನ್ನ, "ಯಾವೂರ್ರಿ ತಮ್ದು? ಯಾರ ಪೈಕಿ?" ಅಂತ ಕೇಳ್ಯಾರ. ಖೋಲಿಗೆ ಖೋಲಿನ ನಕ್ಕೈತಿ. "ಅದೊಂದ ಇಲ್ಲೆ ಕೇಳಬಾರದು ನೋಡ್ರಿ ಸಾಹೇಬ್ರ" ಅಂದ್ರಂತ ಹಿರಿಯರು. ಅದನ್ನ ಕೇಳದನ ನಮ್ಮ ಕಡೆ ಮಾತ ಹೆಂಗ ಶುರು ಆಗಬೇಕು? ನೀರ ಕೊಡೂಕಿಂತ ಮದಲ ಅದನ್ನ ಕೇಳ್ತೇವಿ ನಾವು. ಊರು, ಮನಿತನ ಗೊತ್ತಾಗಲಾರದ ಮನಷ್ಯಾನ ಮುಂದ ಏನ್ ಮಾತಾಡಬೇಕು ಅಂತ ಇವರಿಗೆ ತಿಳೀಲಿಲ್ಲ. ಆ ವಾರ ಸುಮ್ಮ ಕುಂತ್ರು. ಮುಂದಿನ ವಾರನೂ ಸುಮ್ಮ ಕುಂತ್ರು. ಬರೂ ಗಾಡ್ಯಾಗ "ಎಲ್ಲಾರೂ ಛಲೋ ಮಂದಿ, ಆದ್ರ ಯಾರ ಪೈಕಿ ಅಂತ ಗೊತ್ತಾಗವಲ್ದು" ಅಂತ ತಲಿ ಕೆರಕೊಂಡ್ರು.

ಮಾತಾಡಲಿಲ್ಲ ಖರೆ, ಆದ್ರ ಹೋಗೂದು ತಪ್ಪಿಸಲಿಲ್ಲ. ಕುಡಿಬೇಕು ಅನಿಸಿದಾಗ ಒಂದ ಚೂರ ಬೆಲ್ಲಾ ಬಾಯಾಗ ಹಾಕ್ಕೊಳ್ರಿ ಅಂತ ಹಿರಿಯರು ಹೇಳಿದ್ರು. ಇವರು ಅದನ್ನ ಎಷ್ಟ ಮನಸಿಗೆ ಹಚ್ಚಿಕೊಂಡ್ರಂದ್ರ, ಮಹಾಲಿಂಗಪುರದ ಬೆಲ್ಲದ ಪೆಂಟಿನ ತರಿಸಿ, ಅಂಗಿ ಕಿಸೆದಾಗ, ಆಫೀಸಿನ ಡ್ರಾವರಿನ್ಯಾಗ, ತಲದಿಂಬಿನ ಬುಡಕ ಎಲ್ಲಾ ಕಡೆ ಬೆಲ್ಲಾ ಇಟ್ರು. ಇರಿವಿ ಬಂದ್ವು. ಅಂಗ್ಯಾಗ ಹೊಕ್ಕು ಕಡದ್ವು. ಪ್ರಿನ್ಸಿಪಾಲರ ಮುಂದ ನಿಂತಾಗ ಇವರು ಒಮ್ಮಿಂದೊಮ್ಮೆಲೆ ಕುಣದಾಡಿದ್ದಕ್ಕ ಆಫೀಸಿನವರು, ಪಾಪ ಹಳದಿ ಬ್ಯಾನಿ ಇನ್ನೂ ಪೂರಾ ಹೋಗಿಲ್ಲ ಅಂದ್ರಂತ.

ಇತ್ತ ಓಣ್ಯಾಗ ನನ್ನ ಫಜೀತಿ ಬ್ಯಾರೆ. ಸೀರಿ ತರಾಕ ಹೋದಾಕಿ ಬರೀ ಕೈಲೆ ಬಂದ್ರ ಹೆಂಗ? ಹಿಂಗಾಗಿ ವಾರ ವಾರ ಒಂದ ಚೀಲ ಹಿಡಕೊಂಡು ಬಂದೆ. ನೋಡಿದಾಕಿ, ನನಗೂ ಒಂದ ತರ್ರಿ ಅಂದ್ಲು. ಆಕಿದನ್ನ ನೋಡಿದಾಕಿ, ನಮ್ಮ ಸೊಸಿಗೊಂದು ಅಂದ್ಲು. ಒಬ್ಬಾಕಿಗೆ ದಡಿ ಅಗಲ ಬೇಕು, ಒಬ್ಬಾಕಿಗೆ ಸೆರಗ ಕೆಂಪ ಬೇಕು. ಸಭಾ ಮುಗಿದ ಮ್ಯಾಲ ನಾ ಅಂಗಡಿ ಅಂಗಡಿ ತಿರಗೂದು, ನಮ್ಮ ಮನಿಯವರು ಚೀಲ ಹೊತ್ತಗೊಂಡು ಹಿಂದ ಬರೂದು. ಇದಕ್ಕಿಂತ ಕುಡಿಯೂದ ಹಗರ ಇತ್ತು ಅಂದ್ರು ಒಂದ ದಿನ. ನಾ ಕಣ್ಣ ಬಿಟ್ಟ ಕೂಡ್ಲೆ, ಚಾಷ್ಟಿ ಮಾಡಿದ್ನಿ ಮಾರಾಯ್ತಿ ಅಂದ್ರು. ಇನ್ನ ಓಣ್ಯಾನ ಹೆಣಮಕ್ಕಳು ತಮ್ಮ ತಮ್ಮ ಗಂಡಂದ್ರಿಗೆ, "ನೋಡ್ರಿ ಅವರನ್ನ, ವಾರಕ್ಕೊಮ್ಮೆ ಹೆಂಡತಿನ್ನ ಸೀರಿ ಅಂಗಡಿಗೆ ಕರಕೊಂಡ ಹೋಗ್ತಾರ. ನೀವೂ ಅದೀರಿ" ಅಂತ ಚುಚ್ಚಾಕ ಹತ್ತಿದ್ರು. ಇವರ ಮರ್ಯಾದಿ ಏರಿದ್ದ ಏರಿದ್ದು.

ಒಂದ ರವಿವಾರ ಇವರಿಗೆ ಏನನಿಸಿತೋ, ಎದ್ದು ನಿಂತ್ರು. ಬಾಗಲದಾಗಿಂದ ನಾ ನೋಡಿದೆ. ಏನೋ ಸಣ್ಣ ದನಿಲೆ ಹೇಳಾಕತ್ತಿದ್ರು, ಮಗ್ಗದ ಸಪ್ಪಳದಾಗ ಒಂದೂ ಕೇಳವಲ್ದು. "ಜೋರ ಹೇಳ್ರಿ!" ಅಂದ್ರು ಹಿರಿಯರು. ಇವರು ದನಿ ಏರಿಸಿದ್ರು. "ಇನ್ನಷ್ಟ ಜೋರ್ರಿ!" ಅಂದ ಇನ್ನೊಬ್ಬಾಂವ. ಇವರು ಅಂಗಿ ತೋಳ ಏರಿಸಿ, ಎದಿ ಉಬ್ಬಿಸಿ, ಹೊಲದಾಗ ಹಕ್ಕಿ ಹೊಡಿಯಾವ್ರಂಗ ಒದರಾಕ ಹತ್ತಿದ್ರು. "ಜಮಖಂಡಿಯಿಂದ ಬಂದೇನಿ! ಭಾಳ ವರ್ಷ ಕುಡದೇನಿ! ದವಾಖಾನ್ಯಾಗ ಬಿದ್ದಾಗೂ ಅದ ನೆನಪ ಆಗ್ತಿತ್ತು!"

ಅಷ್ಟರಾಗ ಕರೆಂಟ್ ಹೋತು.

ಮಗ್ಗ ಎಲ್ಲಾ ಒಮ್ಮೆಲೆ ನಿಂತ್ವು. ಇವರ ಬಾಯಿ ನಿಲ್ಲಲಿಲ್ಲ. "ಸಾಯಾಕ ಅಂಜಿಕಿಲ್ಲ! ಸತ್ರ ನನ್ನ ಹೆಂಡತಿ ಒಬ್ಬಾಕಿನ ಆಗ್ತಾಳ, ಅದಕ್ಕ ಅಂಜಿಕಿ ಆಗ್ತೈತಿ!" ಅನ್ನೂದು ಕಿಡಕಿ ದಾಟಿ, ಶೆಡ್ಡು ದಾಟಿ, ಇಡೀ ಓಣಿಗೆ ಕೇಳಿಸಿತು. ಕೆಳಗ ನಳದ ಕಟ್ಟಿ ಮ್ಯಾಲ ಅರಿವಿ ಒಗ್ಯಾಕತ್ತಿದ್ದ ಹೆಣಮಗಳೊಬ್ಬಾಕಿ ಕೈಯಾಗಿನ ಅರಿವಿ ಅಲ್ಲೆ ಬಿಟ್ಟು ತಲಿ ಎತ್ತಿ ನೋಡಿದ್ಲು. ಶೆಡ್ಡಿನವರು ಹೊರಗ ಬಂದು ನಿಂತ್ರು.

ಮನ್ಯಾಗ ಇಷ್ಟ ವರ್ಷದಾಗ ನನಗ ಇವರು ಆ ಮಾತ ಹೇಳಿರಲಿಲ್ಲ. ಉಪ್ಪ ಕಮ್ಮಿ, ಖಾರ ಹೆಚ್ಚ, ಕನ್ನಡಕ ಎಲ್ಲಿಟ್ಟಿ, ಇವ ನಮ್ಮ ಮಾತು. ಬಾಜೂಕಿನಾಕಿ ಕೈ ಹಿಡಕೊಂಡು ಕುಂತೆ. ಒಳಗ ಮಂದಿ ನಗಾಕತ್ತಿತ್ತು, ಇವರೂ ನಾಚಿಕೊಂಡು ನಗಾಕತ್ತಿದ್ರು. "ನಮಗಷ್ಟ ಅಲ್ಲ, ಇಡೀ ಬನಹಟ್ಟಿಗೆ ಮುಟ್ಟಿತು ಬಿಡ್ರಿ" ಅಂತ ಹಿರಿಯರು ಬೆನ್ನು ತಟ್ಟಿದ್ರು. ಕೇಳಿದ್ರ ಕೇಳಲಿ, ಬನಹಟ್ಟ್ಯಾಗ ನಮ್ಮವರು ಯಾರದಾರ ಅಂತ ಇವರು ಧೈರ್ಯಾಗಿದ್ರು. ಬರೂ ಗಾಡ್ಯಾಗ ಹಾಡ ಗುನಗಿದ್ರು.

ಮೂರ ದಿವಸಕ್ಕ ಎದುರುಮನಿ ವೈನಿ ನಮ್ಮ ಮನಿಗೆ ಬಂದ್ರು. ವೈನಿಯವರ ಗಂಡಂದು ಕಿರಾಣಿ ಅಂಗಡಿ, ನಾವು ಸಾವಕಾರ್ರ ಅಂತೇವಿ. ಹಣಿ ತುಂಬ ವಿಭೂತಿ, ಭಜನಿ ಹಾಡಾಕ ನಿಂತ್ರ ಮುಂದಿನ ಸಾಲಿನವರು. ಮಂದೀನ್ನ ಚಾಷ್ಟಿ ಮಾಡೂದ್ರಾಗೂ ಹಂಗ, ಅವರ ಬಾಯಿಗೆ ಒಂದ ಸುದ್ದಿ ಬಿತ್ತಂದ್ರ ಸಂಜಿ ಒಳಗ ಊರ ತುಂಬ ಆತಂತನ. ಇವರು ಓಣಿಗೆ ಗೊತ್ತಾಗಬಾರದು ಅಂತ ಶರತ್ತ ಹಾಕಿದ್ದ ಮುಖ್ಯ ಆ ಮನಷಾನ ಸಲುವಾಗಿ. ವೈನಿ ಮಾತ್ರ ಭಾಳ ಸುಮ್ಮನಾಕಿ.

"ಅಕ್ಕಾರ, ಈ ರವಿವಾರ ನಾವೂ ನಿಮ್ಮ ಜೋಡಿ ಬನಹಟ್ಟಿಗೆ ಬರ್ತೇವ್ರಿ" ಅಂದ್ರು.

ಒಳಗ ಇವರು ಗಡ್ಡ ಮಾಡ್ಕೊಳ್ಳಾಕತ್ತಿದ್ರು. "ಅಯ್ಯ ವೈನಿ, ನೀವ್ಯಾಕ ತ್ರಾಸ ತೊಗೋತೀರಿ? ಯಾವ ಬಣ್ಣ ಹೇಳ್ರಿ, ನಾನ ತರ್ತೇನಿ. ಗಾಡ್ಯಾಗ ನಿಂದ್ರಾಕ ಜಾಗಾ ಇರೂದಿಲ್ಲ, ಧೂಳು, ಟ್ರ್ಯಾಕ್ಟರ್ ಬ್ಯಾರೆ..." ಅಂತ ಬಾಯಿಗೆ ಬಂದದ್ದು ಹೇಳಿದೆ.

"ನನಗ ಸೀರಿ ಬ್ಯಾಡ್ರಿ. ಆ ಮಾಳಿಗಿ ಮ್ಯಾಲಿನ ಖೋಲಿ ತೋರಸ್ರಿ, ಸಾಕು."

ವೈನಿ ದನಿ ಇಳಿಸಿ ಹೇಳಿದ್ರು. "ನಮ್ಮ ತಂಗಿನ್ನ ಬನಹಟ್ಟಿಗೆ ಕೊಟ್ಟೇವಲ್ಲರಿ. ನಳದ ಮ್ಯಾಲಿದ್ಲು. ನಮ್ಮ ಮನಿಗೆ ಬಂದಾಗೆಲ್ಲಾ ಅಣ್ಣಾರ ದನಿ ಕೇಳ್ಯಾಳ, ಗುರ್ತ ಹಿಡದಾಳ."

ನೋಡ್ರಿ ನಮ್ಮ ಶಾಣ್ಯಾತನ! ನಮ್ಮ ಬೀಗರನ್ನ ಅಷ್ಟ ಲೆಕ್ಕ ಹಿಡದಿದ್ವಿ, ಓಣಿಯವರ ಬೀಗರನ್ನ ಹಿಡದಿರಲಿಲ್ಲ.

"ಯಾರ ಮುಂದೂ ಅಂದಿಲ್ಲರಿ, ದೇವರಾಣಿ" ಅಂದ್ರು ವೈನಿ. "ನಮ್ಮವರೂ ಕುಡಿತಾರ್ರಿ ಅಕ್ಕಾರ. ಅಂಗಡಿ ಹಿಂದಿನ ಖೋಲ್ಯಾಗ, ಬಾಗಲಾ ಹಾಕ್ಕೊಂಡು. ಮನ್ನೆ ರಕ್ತ ಕಾರ್ಕೊಂಡ್ರು. ನಾ ಹೇಳಿದ್ರ ನನ್ನ ಮ್ಯಾಲ ಏರಿ ಬರ್ತಾರ. ಯಾರ ಮುಂದ ಹೇಳ್ಲಿ ನಾನು?" ಅಂತ ಸೆರಗಿಲೆ ಮಾರಿ ಮುಚ್ಚಿಕೊಂಡ್ರು.

ತಿರುಗಿ ನೋಡ್ತೇನಿ, ಇವರು ಒಳಗಿನ ಬಾಗಲದಾಗ ನಿಂತಾರ. ಒಂದ ಗಲ್ಲ ಬೋಳಿಸ್ಯಾರ, ಇನ್ನೊಂದರ ಮ್ಯಾಲ ಸಬಕಾರದ ಬುರಗ. ಎಲ್ಲಾ ಕೇಳ್ಯಾರ ಅಂತ ಮಾರಿ ಮ್ಯಾಲ ಬರದಿತ್ತು. ಮುಗೀತು ಅಂದ್ಕೊಂಡೆ. ಗೊತ್ತಾದ ದಿನ ಬಂದ್ ಅಂತ ಇವರ ಬಾಯಿಲೆನ ಹೇಳಿದ್ರಲ್ಲ. ಇವರ ಹಟಾ ನನಗ ಗೊತ್ತು. ಇನ್ನ ರವಿವಾರ ಇಲ್ಲ, ಇನ್ನ ಆ ಡಾಬಾ, ಆ ದವಾಖಾನಿ, ಆಮ್ಯಾಲ ನಾನೊಬ್ಬಾಕಿ. ಸಿಟ್ಟು, ಸಂಕಟ ಎರಡೂ ಕೂಡೇ ಬಂದು ವೈನಿನ್ನ ಹೊರಗ ದಬ್ಬಿಬಿಡೂಣು ಅನಿಸ್ತು.

ಇವರು ಕೇಳಿದ್ದು ಒಂದ. "ರಕ್ತ ಕಾರಿದ್ದು ಯಾವಾಗ್ರಿ ವೈನಿ?"

"ಮನ್ನೆ ಸೋಮವಾರ್ರಿ ಅಣ್ಣಾರ."

ಇವರು ಚಪ್ಪಲ್ ಮೆಟ್ಟಿಕೊಂಡ್ರು. ಬನೀನ ಮ್ಯಾಲ, ಅರ್ಧಾ ಮಾರಿಗೆ ಬುರಗ ಇದ್ದಂಗ ಓಣಿ ದಾಟಿದ್ರು. ನಾವಿಬ್ಬರೂ ಕಟ್ಟಿ ಮ್ಯಾಲ ಬಂದು ನಿಂತ್ವಿ. ಮುಂಜಾನಿ ಹೊತ್ತು, ಅಂಗಡಿ ಮುಂದ ಹಾಲು ಸಕ್ಕರಿ ಒಯ್ಯಾವ್ರು ತುಂಬಿದ್ರು.

"ಏನ್ರಿ ಸಾಹೇಬ್ರ, ನೀರ ಖಾಲಿ ಆತೋ, ಬ್ಲೇಡ ಖಾಲಿ ಆತೋ?" ಅಂದ್ರು ಸಾವಕಾರ್ರು. ಮಂದಿ ಘೊಳ್ಳಂತ ನಕ್ಕಿತು.

ಇವರೂ ಸ್ವಲ್ಪ ನಕ್ಕರು. "ಸಾವಕಾರ್ರ, ನಾವು ರವಿವಾರಕ್ಕೊಮ್ಮೆ ಬನಹಟ್ಟಿಗೆ ಹೋಗ್ತೇವಲ್ಲ, ಸೀರಿಗೆ ಅಲ್ರಿ ಅದು. ನಾ ಕುಡಿತಿದ್ದೆ. ಸಾಯಾಕ ಬಿದ್ದಿದ್ದೆ. ಅಲ್ಲೆ ಕುಡಿಯೂದು ಬಿಟ್ಟವರು ಕೂಡ್ತಾರ, ಅದಕ್ಕ ಹೋಗ್ತೇನಿ."

ಮಂದಿ ನಗೂದು ನಿಂತಿತು. ಹಾಲಿನ ಪಾಕೀಟು ಹಿಡದಾಕಿ ಹಿಡದಂಗ ನಿಂತ್ಲು.

"ಗಾಡ್ಯಾಗ ಬರೀ ಹೆಣಮಕ್ಕಳು, ಅವರ ನಡುವ ಒಬ್ಬಾವನ ಹೋಗಾಕ ನನಗ ಬ್ಯಾಸರ ಬಂದೈತಿ. ಗಂಡಸು ಜೋಡಿ ಒಬ್ಬರು ಬೇಕು. ನೀವು ಬರ್ರಿ. ನನ್ನ ಸಲುವಾಗಿ ಬರ್ರಿ."

ಸಾವಕಾರ್ರ ಸುದ್ದಿ ಒಂದಕ್ಷರ ಎತ್ತಲಿಲ್ಲ. ತಮ್ಮ ಮರ್ಯಾದಿ ಎಲ್ಲಾ ಆ ಮಂದಿ ಮುಂದ ತಗದ ಇಟ್ಟು, ಅವರದನ್ನ ಮುಚ್ಚಿಟ್ರು. ಸಾವಕಾರ್ರು ಸಕ್ಕರಿ ತೂಗಾಕತ್ತಿದ್ರು. ಸಕ್ಕರಿ ತಕ್ಕಡಿ ಹೊರಗ ಚೆಲ್ಲಿದ್ರು. ತಲಿ ಮ್ಯಾಲೆತ್ತಲಿಲ್ಲ.

"ಎಷ್ಟರ ಗಾಡಿ?" ಅಂದ್ರು ಸಾವಕಾರ್ರು, ಬಡಬಡ ಸಕ್ಕರಿ ಒಟ್ಟಮಾಡ್ಕೋತ.

"ಒಂಬತ್ತರದು."

"ಅಂಗಡಿ ಮುಚ್ಚಬೇಕಾಗ್ತೈತಲ್ಲ."

"ಮುಚ್ರಿ" ಅಂದ್ರು ಇವರು.

ನಾ ಕಟ್ಟಿ ಮ್ಯಾಲ ನಿಂತು ಜೋರ ಅತ್ತೆ. ಓಣಿ ಮಂದಿ ಎಲ್ಲಾ ನನ್ನ ಕಡೆ ತಿರುಗಿ ನೋಡಾಕತ್ತಿತ್ತು. ನೋಡಿದ್ರ ನೋಡ್ಲಿ ಅಂತ ಅತ್ತೆ.